ಬಾಯೊಳಗಿನ ಬಿಳಿ ಮಚ್ಚೆ ಮತ್ತು ಬೆಳಕಿನ ಚಿಕಿತ್ಸೆ

ಶಿವಮೊಗ್ಗೆಯ ಮಂಡಿಗಳಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಮಾತುಗಳು ಕಿವಿಗೆ ಬೀಳದ ವ್ಯವಹಾರದ ದಿನವಿಲ್ಲ. ಈ ನಾಲ್ಕರ ಧಾರಣೆಯನ್ನು ನೋಡಿಕೊಂಡೇ ಮಲೆನಾಡಿನ ಅನೇಕ ಕುಟುಂಬಗಳು ಮಗಳ ಮದುವೆಯನ್ನೂ ಮಗನ ಕಾಲೇಜಿನ ಶುಲ್ಕವನ್ನೂ ನಿಶ್ಚಯಿಸುತ್ತವೆ. 1939ರಷ್ಟು ಹಿಂದೆಯೇ ಬೆಳೆಗಾರರು ಒಗ್ಗೂಡಿ ಮ್ಯಾಮ್ಕೋಸ್ ಸಹಕಾರ ಸಂಘವನ್ನು ಕಟ್ಟಿಕೊಂಡರೆಂಬುದೇ ಈ ಬೆಳೆಯ ಮಹತ್ತ್ವಕ್ಕೆ ಸಾಕ್ಷಿ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಾದರೋ ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಊರು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿದ ಮೇಲೆ ಅದು ದುಡಿಮೆಗಾರರ ಊರಾಗಿ ಬೆಳೆಯಿತು. ಒಂದೆಡೆ ಅಂಗಳದಲ್ಲಿ ರಾತ್ರಿಯಿಡೀ ಅಡಿಕೆ ಸುಲಿಯುವ ಕೈಗಳು, ಇನ್ನೊಂದೆಡೆ ರಾತ್ರಿಪಾಳಿಯ ಕೈಗಳು. ಎರಡು ಕಡೆಯಲ್ಲಿಯೂ ನಿದ್ದೆಯನ್ನು ತಡೆಯಲು, ದಣಿವನ್ನು ಮರೆಯಲು ಎಲೆಯಡಿಕೆ, ಹೊಗೆಸೊಪ್ಪು, ಬೀಡಿಗಳೇ ಜೊತೆಗಾರರಾದವು.

ಇಂಥ ಅಭ್ಯಾಸವುಳ್ಳವರಲ್ಲಿ ಹಲವರ ಕೆನ್ನೆಯ ಒಳಭಾಗದಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿಯ ಮಚ್ಚೆ ಕಾಣಿಸಿಕೊಳ್ಳುತ್ತದೆ. ಅದು ನೋಯುವುದಿಲ್ಲ, ಉರಿಯುವುದಿಲ್ಲ, ಊಟಕ್ಕೆ ಅಡ್ಡಿಪಡಿಸುವುದಿಲ್ಲ. ನೋವಿಲ್ಲದ್ದನ್ನು ರೋಗವೆಂದು ಒಪ್ಪಿಕೊಳ್ಳುವುದು ಮನುಷ್ಯಸ್ವಭಾವಕ್ಕೆ ಕಷ್ಟ. ಹೀಗಾಗಿ ವರ್ಷಗಳು ಉರುಳುತ್ತವೆ. ಅಂಥ ಮಚ್ಚೆಗಳಲ್ಲಿ ಕೆಲವು ಒಂದು ದಿನ ಗಟ್ಟಿಯಾಗಿ, ಹುಣ್ಣಾಗಿ, ಅರ್ಬುದ ರೋಗವಾಗಿ ತಿರುಗುತ್ತವೆ. ಕತ್ತರಿ ಇಲ್ಲದೆ, ಬೆಳಕಿನಿಂದಲೇ ಈ ಮಚ್ಚೆಯನ್ನು ನೀಗಿಸುವ ಒಂದು ಚಿಕಿತ್ಸಾಕ್ರಮವು ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿದೆ. ಅದು ಏನು, ಎಷ್ಟರ ಮಟ್ಟಿಗೆ ನಂಬತಕ್ಕದ್ದು, ಅದು ಎಟುಕುವವರೆಗೆ ನಮ್ಮ ಮನೆಗಳಲ್ಲಿ ಮಾಡಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಚ್ಚೆಯ ಸ್ವರೂಪ

ವೈದ್ಯರು ಈ ಬಿಳಿ ಮಚ್ಚೆಯನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಹಂಗೆರಿಯ ಚರ್ಮರೋಗ ತಜ್ಞ ಶ್ವಿಮ್ಮರ್ 1877ರಲ್ಲಿ ಈ ಹೆಸರನ್ನು ಬಳಸಿದನು. ಉಜ್ಜಿದರೆ ಹೋಗದ, ಬೇರೆ ಯಾವುದೇ ರೋಗವೆಂದು ಗುರುತಿಸಲಾಗದ ಬಿಳಿಯ ಕಲೆ ಎಂಬುದು ಅದರ ಸಾಮಾನ್ಯ ಲಕ್ಷಣ. ಬಾಯಲ್ಲಿ ಬಿಳಿಯಾಗಿ ಕಾಣುವುದೆಲ್ಲವೂ ಇದಲ್ಲ. ಶಿಲೀಂಧ್ರದ ಸೋಂಕಿನಿಂದಾಗುವ ಬಿಳಿ ಲೇಪವು ಹತ್ತಿಯಿಂದ ಒರೆಸಿದರೆ ಬರುತ್ತದೆ. ಮುರಿದ ಹಲ್ಲಿನ ಚೂಪು ಅಂಚು ಕೆನ್ನೆಗೆ ಉಜ್ಜಿ ಆದ ಬಿಳುಪು, ಆ ಹಲ್ಲನ್ನು ಸರಿಪಡಿಸಿದ ಎರಡು ಮೂರು ವಾರಗಳಲ್ಲಿ ಮಾಯವಾಗುತ್ತದೆ. ಇವೆರಡೂ ಅಲ್ಲದೆ ಉಳಿದುಕೊಂಡದ್ದನ್ನು ಕುರಿತು ಎಚ್ಚರ ಅಗತ್ಯ.

ಮಚ್ಚೆಗಳಲ್ಲಿ ತರತಮವಿದೆ. ತೆಳುವಾಗಿ, ಸಮನಾಗಿ ಹರಡಿದ ಬಿಳುಪು ಅಷ್ಟು ಅಪಾಯಕಾರಿಯಲ್ಲ. ಬಿಳಿಯ ನಡುವೆ ಕೆಂಪು ಬೆರೆತಿದ್ದರೆ, ಮೇಲ್ಮೈ ಕಾಳುಕಾಳಾಗಿ ಅಥವಾ ನರುಲಿಯಂತೆ ಎದ್ದಿದ್ದರೆ ಅಪಾಯ ಹೆಚ್ಚು. ಪೂರ್ತಿ ಕೆಂಪಾದ, ಮಕಮಲ್ಲಿನಂಥ ಮಚ್ಚೆಯು ಎಲ್ಲಕ್ಕಿಂತ ಅಪಾಯಕಾರಿ. ಅದನ್ನು ಕತ್ತರಿಸಿ ಪರೀಕ್ಷಿಸಿದಾಗ ಅನೇಕ ಸಂದರ್ಭಗಳಲ್ಲಿ ಅರ್ಬುದವು ಆಗಲೇ ತಲೆಯೆತ್ತಿರುತ್ತದೆ. ಸ್ಥಾನವೂ ಮುಖ್ಯ. ನಾಲಿಗೆಯ ಅಂಚು ಮತ್ತು ನಾಲಿಗೆಯ ಕೆಳಗಿನ ಬಾಯಿತಳ ಇವೆರಡರಲ್ಲಿನ ಮಚ್ಚೆಯನ್ನು ವೈದ್ಯರು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತಾರೆ.

ಎಲ್ಲ ಮಚ್ಚೆಗಳೂ ಅರ್ಬುದವಾಗುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ 2021ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ ಅಂಥವುಗಳ ಪ್ರಮಾಣ ನೂರಕ್ಕೆ ಹತ್ತರ ಆಸುಪಾಸು. 2016ರ ಇನ್ನೊಂದು ಪರಾಮರ್ಶೆಯಲ್ಲಿ ಅದು ನೂರಕ್ಕೆ ಮೂರೂವರೆ. ಲೆಕ್ಕ ಹೇಗೇ ಇರಲಿ, ಬಹುಪಾಲು ಮಚ್ಚೆಗಳು ಮಚ್ಚೆಯಾಗಿಯೇ ಉಳಿಯುತ್ತವೆ. ಆದರೆ ಕೇಡಿನ ದಾರಿ ಹಿಡಿಯುವ ಮಚ್ಚೆ ಯಾವುದೆಂದು ಹೊರಗಣ್ಣಿನಿಂದ ಖಚಿತವಾಗಿ ಹೇಳುವುದು ಪರಿಣತ ವೈದ್ಯನಿಗೂ ಸಾಧ್ಯವಿಲ್ಲ. ಒಂದು ಚೂರು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವ ಬಯಾಪ್ಸಿ ಪರೀಕ್ಷೆ ಈ ಕಾರಣದಿಂದ ಅನಿವಾರ್ಯ. ಬಯಾಪ್ಸಿ ಮಾಡಿಸಿದರೆ ರೋಗ ಹರಡುತ್ತದೆಂಬ ಭೀತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಭೀತಿಗೆ ಆಧಾರವಿಲ್ಲ. ಪರೀಕ್ಷೆಯನ್ನು ಮುಂದೂಡಿದ್ದರಿಂದ ಆದ ಹಾನಿಗಾದರೋ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಉದಾಹರಣೆಗಳಿವೆ.

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ತುಟಿ ಮತ್ತು ಬಾಯಿಯ ಅರ್ಬುದಕ್ಕೆ ಹೊಸದಾಗಿ ತುತ್ತಾದವರು ಸುಮಾರು 1 ಲಕ್ಷ 43 ಸಾವಿರ. ಅದರಿಂದ ಮರಣ ಹೊಂದಿದವರು ಸುಮಾರು 80 ಸಾವಿರ. ಇವರಲ್ಲಿ ಎಷ್ಟೋ ಜನರ ರೋಗವು ಎಂದೋ ಒಮ್ಮೆ ನೋವಿಲ್ಲದ ಮಚ್ಚೆಯಾಗಿಯೇ ಆರಂಭವಾಗಿತ್ತು.

ಬೆಳಕಿನಿಂದ ರೋಗಶಮನ: ಒಂದು ಹಿನ್ನೋಟ

ಬೆಳಕನ್ನು ಔಷಧಿಯ ಜೊತೆಗೂಡಿಸುವ ಆಲೋಚನೆ ನಮ್ಮ ನಾಡಿಗೆ ಹೊಸತಲ್ಲ. ತೊನ್ನಿಗೆ ಬಾಕುಚಿಯ ಬೀಜವನ್ನು ಸೇವಿಸಲು ಅಥವಾ ಲೇಪಿಸಲು ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಪದ್ಧತಿ ಆಯುರ್ವೇದದಲ್ಲಿ ಪುರಾತನವಾದುದು. ಬೀಜವೊಂದೇ ಸಾಲದು, ಬಿಸಿಲೊಂದೇ ಸಾಲದು. ಎರಡೂ ಕೂಡಿದಾಗ ಮಾತ್ರ ಫಲ ಎಂಬುದನ್ನು ಪ್ರಾಚೀನ ವೈದ್ಯರು ಅನುಭವದಿಂದ ಕಂಡುಕೊಂಡಿದ್ದರು. ಬಾಕುಚಿಯಲ್ಲಿರುವ ಸೋರಾಲೆನ್ ಎಂಬ ದ್ರವ್ಯವು ಬೆಳಕು ತಾಗಿದಾಗ ಚಟುವಟಿಕೆಗೊಳ್ಳುತ್ತದೆಂದು ಆಧುನಿಕ ವಿಜ್ಞಾನ ಆಮೇಲೆ ವಿವರಿಸಿತು.

ಪಾಶ್ಚಾತ್ಯ ದೇಶಗಳಲ್ಲಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ನೀಡಿ 1903ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರನಾದನು. ಅದೇ ಕಾಲದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಯು ನೀರಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಮೇಲೆ ಆಕ್ರಿಡೀನ್ ಎಂಬ ಬಣ್ಣದ ಪರಿಣಾಮವನ್ನು ಪರೀಕ್ಷಿಸುತ್ತಿದ್ದನು. ದ್ರಾವಣ ಒಂದೇ, ಪ್ರಮಾಣವೂ ಒಂದೇ. ಆದರೂ ಒಮ್ಮೆ ಜೀವಿಗಳು ಬೇಗ ಸತ್ತವು, ಇನ್ನೊಮ್ಮೆ ಬಹಳ ಹೊತ್ತು ಬದುಕಿದವು. ವ್ಯತ್ಯಾಸವು ಕೋಣೆಯೊಳಗೆ ಬಿದ್ದ ಬೆಳಕಿನದೆಂದು ಅವನಿಗೆ ಹೊಳೆಯಿತು. 1900ರಲ್ಲಿ ಆ ಸಂಗತಿ ಪ್ರಕಟವಾಯಿತು. ಅವನ ಗುರು ಟಾಪೈನರ್ ಮತ್ತು ಸಂಗಡಿಗರು 1903ರ ಹೊತ್ತಿಗೆ ಇಯೋಸಿನ್ ಬಣ್ಣವನ್ನು ಚರ್ಮದ ಗೆಡ್ಡೆಗಳಿಗೆ ಹಚ್ಚಿ ಬೆಳಕಿಗೊಡ್ಡಿ ನೋಡಿದರು. ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂಬುದನ್ನು ತೋರಿಸಿಕೊಟ್ಟರು.

ಆ ಬಳಿಕ ಈ ವಿದ್ಯೆ ಬಹುಕಾಲ ಮೂಲೆ ಸೇರಿತು. 1970ರ ದಶಕದಲ್ಲಿ ಅಮೆರಿಕದ ಬಫಲೋ ನಗರದ ಥಾಮಸ್ ಡಗರ್ಟಿ ಅದನ್ನು ಮತ್ತೆ ಎತ್ತಿಕೊಂಡರು. 1990ರಲ್ಲಿ ಕೆನಡಾದ ಕೆನಡಿ ಮತ್ತು ಪಾಟಿಯರ್ ಎಂಬ ವಿಜ್ಞಾನಿಗಳು ಅಮೈನೊಲೆವುಲಿನಿಕ್ ಆಮ್ಲವೆಂಬ ಸರಳವಾದ ದ್ರವ್ಯವನ್ನು ಚರ್ಮಕ್ಕೆ ಲೇಪಿಸಿ ಚಿಕಿತ್ಸೆ ಮಾಡುವ ಕ್ರಮವನ್ನು ಪ್ರಕಟಿಸಿದರು. ಇಂದು ಬಾಯೊಳಗಿನ ಮಚ್ಚೆಗೆ ಹೆಚ್ಚಾಗಿ ಪ್ರಯೋಗವಾಗಿರುವ ಔಷಧಿ ಇದೇ.

ಚಿಕಿತ್ಸೆ ನಡೆಯುವ ಬಗೆ

ಹಣತೆ ಉರಿಯಲು ಎಣ್ಣೆ ಬೇಕು, ಕಿಡಿ ಬೇಕು, ಗಾಳಿ ಬೇಕು. ಒಂದು ಇಲ್ಲದಿದ್ದರೂ ದೀಪವಿಲ್ಲ. ಈ ಚಿಕಿತ್ಸೆಯಲ್ಲಿಯೂ ಹಾಗೆಯೇ ಔಷಧಿ, ಬೆಳಕು ಮತ್ತು ಅಂಗಾಂಶದಲ್ಲಿನ ಆಮ್ಲಜನಕ ಎಂಬ ಮೂರು ಒಂದೆಡೆ ಸೇರಬೇಕು.

ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹೀಮ್ ಎಂಬ ದ್ರವ್ಯವನ್ನು ಶರೀರವೇ ಹಂತಹಂತವಾಗಿ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯ ಆರಂಭದಲ್ಲಿ ಬರುವುದು ಅಮೈನೊಲೆವುಲಿನಿಕ್ ಆಮ್ಲ. ಕೊನೆಗೆ ಮೊದಲಿನ ಹಂತದಲ್ಲಿ ಬರುವುದು ಪ್ರೋಟೋಪಾರ್ಫಿರಿನ್. ಇದಕ್ಕೆ ಕಬ್ಬಿಣ ಸೇರಿಕೊಂಡರೆ ಹೀಮ್ ಸಿದ್ಧವಾಗುತ್ತದೆ. ಹೊರಗಿನಿಂದ ಆಮ್ಲವನ್ನು ಹೆಚ್ಚಾಗಿ ಒದಗಿಸಿದಾಗ, ಕಬ್ಬಿಣ ಸೇರುವ ಆ ಕಡೆಯ ಹಂತವು ಅದೇ ವೇಗದಲ್ಲಿ ಸಾಗಲಾರದೆ ಪ್ರೋಟೋಪಾರ್ಫಿರಿನ್ ಜೀವಕೋಶದೊಳಗೆ ಶೇಖರವಾಗುತ್ತದೆ. ಕೆಟ್ಟ ಬೆಳವಣಿಗೆಗೆ ತಿರುಗಿದ ಕೋಶಗಳಲ್ಲಿ ಈ ಶೇಖರಣೆ ಆರೋಗ್ಯವಂತ ಕೋಶಗಳಿಗಿಂತ ಹೆಚ್ಚು. ಚಿಕಿತ್ಸೆಯ ಗುಟ್ಟು ಇರುವುದು ಇಲ್ಲಿಯೇ.

ಪ್ರೋಟೋಪಾರ್ಫಿರಿನ್ ಕತ್ತಲೆಯಲ್ಲಿ ನಿರುಪದ್ರವಿ. ಅದರ ಮೇಲೆ ಸರಿಯಾದ ಬೆಳಕು ಬಿದ್ದಾಗ ಅದು ಆ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಆಮ್ಲಜನಕವು ಅತಿ ಉಗ್ರವಾದ ರೂಪವನ್ನು ತಾಳಿ ಕೋಶದ ಪೊರೆಗಳನ್ನು ಸುಡುತ್ತದೆ. ಅದರ ಆಯುಸ್ಸು ಸೆಕೆಂಡಿನ ಲಕ್ಷಾಂತರದ ಒಂದು ಪಾಲಿನಷ್ಟು ಅಲ್ಪವಾದುದರಿಂದ ಅದು ಹುಟ್ಟಿದ ಕೋಶವನ್ನು ದಾಟಿ ದೂರ ಹೋಗಲಾರದು. ಬೆಳಕು ಬಿದ್ದಲ್ಲಿ, ಔಷಧಿ ಇದ್ದಲ್ಲಿ ಮಾತ್ರ ದಹನ, ಉಳಿದೆಡೆ ಶಾಂತಿ.

ಕ್ರಮ ಹೀಗಿದೆ. ಬಾಯನ್ನು ಶುಚಿಗೊಳಿಸಿ ಮಚ್ಚೆಯ ಮೇಲೆ ಶೇಕಡಾ 20ರ ಲೇಪವನ್ನು ಹಚ್ಚಿ, ಎಂಜಲಿಗೆ ಕೊಚ್ಚಿಹೋಗದಂತೆ ನೋಡಿಕೊಂಡು, ಒಂದೂವರೆ ಎರಡು ಗಂಟೆ ಕಾಯುತ್ತಾರೆ. ಕೆಲವೆಡೆ ಔಷಧಿಯನ್ನು ಕುಡಿಯಲು ಕೊಡುವುದೂ ಉಂಟು. ಬಳಿಕ 630ರಿಂದ 635 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಲೇಸರ್ ಅಥವಾ ಎಲ್.ಇ.ಡಿ. ದೀಪದಿಂದ ಆ ಜಾಗಕ್ಕೆ ಮಾತ್ರ ಹಾಯಿಸುತ್ತಾರೆ. ಕೆಂಪನ್ನು ಆರಿಸಿಕೊಂಡಿರುವುದಕ್ಕೆ ಕಾರಣ, ಅದು ನೀಲಿ ಬೆಳಕಿಗಿಂತ ಆಳಕ್ಕೆ, ಅಂದರೆ ಕೆಲವು ಮಿಲಿಮೀಟರುಗಳಷ್ಟು ಇಳಿಯಬಲ್ಲದು. ಅಂಗಾಂಶದ ಆಮ್ಲಜನಕವು ಮತ್ತೆ ತುಂಬಿಕೊಳ್ಳಲೆಂದು ನಡುನಡುವೆ ಬೆಳಕನ್ನು ನಿಲ್ಲಿಸುವುದೂ ಉಂಟು. ನೀಲಿ ಬೆಳಕಿಗೆ ಬೇರೊಂದು ಉಪಯೋಗವಿದೆ. ಔಷಧಿ ಶೇಖರವಾದ ಜಾಗವು ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವುದರಿಂದ ಮಚ್ಚೆಯ ಎಲ್ಲೆಯನ್ನು ಗುರುತಿಸಲು ಅದು ನೆರವಾಗುತ್ತದೆ.

ಬೆಳಕು ಬೀಳುವಾಗ ಉರಿ, ಚುಚ್ಚಿದಂತಹ ನೋವು ಇರುತ್ತದೆ. ಆಮೇಲೆ ಊತ ಬಂದು, ಜಾಗವು ಹುಣ್ಣಾಗಿ, ಕೆಲವು ವಾರಗಳಲ್ಲಿ ಮಾಯುತ್ತದೆ. ಒಂದೇ ಸಲಕ್ಕೆ ಮುಗಿಯದೆ ಹಲವು ಸಲ ಮಾಡಬೇಕಾಗಬಹುದು. ಔಷಧಿಯನ್ನು ಕುಡಿದವರು ಒಂದೆರಡು ದಿನ ಬಿಸಿಲಿಗೆ ಹೋಗದೆ ಮನೆಯೊಳಗೆ ಇರಬೇಕು. ಪಾರ್ಫಿರಿಯಾ ಎಂಬ ಹುಟ್ಟುರೋಗವುಳ್ಳವರಿಗೆ ಈ ಚಿಕಿತ್ಸೆ ನಿಷಿದ್ಧ.

ಜನರು ಕರೆಂಟು ಕೊಡಿಸುವುದು ಎಂದು ಕರೆಯುವ ವಿಕಿರಣ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ವಿಕಿರಣವನ್ನು ಒಂದು ಮಿತಿಯ ಮೇಲೆ ಅದೇ ಜಾಗಕ್ಕೆ ಮತ್ತೆ ಕೊಡಲಾಗದು. ಬೆಳಕಿನ ಚಿಕಿತ್ಸೆಯನ್ನು ಪುನಃ ಪುನಃ ಮಾಡಬಹುದು. ಕತ್ತರಿಯ ಚಿಕಿತ್ಸೆಯಲ್ಲಿ ಮಚ್ಚೆ ದೊಡ್ಡದಿದ್ದರೆ ಕಲೆಗಟ್ಟಿ ಕೆನ್ನೆ ಬಿಗಿಯುತ್ತದೆ, ನಾಲಿಗೆಯ ಹೊರಳುವಿಕೆ ಕುಗ್ಗುತ್ತದೆ. ಬೆಳಕು ಕೋಶಗಳನ್ನು ಸುಟ್ಟರೂ ಅವುಗಳ ಕೆಳಗಿನ ನಾರಿನ ಹಂದರವನ್ನು ಬಹುಮಟ್ಟಿಗೆ ಉಳಿಸುವುದರಿಂದ ಮಾಯ್ದ ಜಾಗ ಮೆತ್ತಗೆ ಉಳಿಯುತ್ತದೆ. ಮಾತು, ಊಟ, ರುಚಿ ಇವುಗಳಿಗೆ ಆಶ್ರಯವಾದ ಬಾಯಿಗೆ ಇದು ಸಣ್ಣ ಲಾಭವಲ್ಲ.

ಫಲ ಎಷ್ಟು?

1998ರಲ್ಲಿ ಜರ್ಮನಿಯ ವೈದ್ಯರು ಈ ಲೇಪವನ್ನು 12 ಮಂದಿಯ ಬಿಳಿ ಮಚ್ಚೆಗೆ ಹಚ್ಚಿ ನೋಡಿದಾಗ ಐವರಲ್ಲಿ ಮಚ್ಚೆ ಪೂರ್ತಿ ಹೋಯಿತು, ಕೆಲವರಲ್ಲಿ ಕುಗ್ಗಿತು, ಕೆಲವರಲ್ಲಿ ಏನೂ ಆಗಲಿಲ್ಲ. ನಮ್ಮಂತೆಯೇ ಅಡಿಕೆ ಜಗಿಯುವ ತೈವಾನಿನಲ್ಲಿ ಚೆನ್ ಮತ್ತು ಸಂಗಡಿಗರು ಎಲ್.ಇ.ಡಿ. ದೀಪದಿಂದ ನಡೆಸಿದ ಚಿಕಿತ್ಸೆಗಳಲ್ಲಿ ಒಂದು ಸೂಕ್ಷ್ಮ ಕಂಡುಬಂತು. ಕೆಂಪು ಬೆರೆತ ಮಚ್ಚೆಗಳು ಮತ್ತು ನರುಲಿಯಂಥ ಬೆಳವಣಿಗೆಗಳು ಚೆನ್ನಾಗಿ ಗುಣವಾದರೆ, ದಪ್ಪನೆಯ ಬಿಳಿ ಮಚ್ಚೆಗಳು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಬಿಳಿ ಮಚ್ಚೆಯ ಮೇಲಿನ ಗಡಸು ಪದರವು ಔಷಧಿಯನ್ನೂ ಬೆಳಕನ್ನೂ ತಡೆಯುವುದೇ ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಹೆಚ್ಚು ಅಪಾಯಕಾರಿಯಾದ ಮಚ್ಚೆಯೇ ಬೆಳಕಿಗೆ ಹೆಚ್ಚು ಮಣಿಯುವುದು ಈ ಚಿಕಿತ್ಸೆಯ ಭಾಗ್ಯವೆನ್ನಬೇಕು.

ನಮ್ಮ ದೇಶದಲ್ಲಿ ಗಮನಾರ್ಹವಾದ ಪ್ರಯತ್ನ ನಡೆದದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಅಮೆರಿಕದ ತಯ್ಯಬಾ ಹಸನ್, ಜೊನಾಥನ್ ಸೆಲ್ಲಿ ಮೊದಲಾದ ವಿಜ್ಞಾನಿಗಳ ಸಹಯೋಗದಲ್ಲಿ ಅಲ್ಲಿನ ವೈದ್ಯರು ಬ್ಯಾಟರಿಯಿಂದ ನಡೆಯುವ, ಕಡಿಮೆ ಬೆಲೆಯ ಎಲ್.ಇ.ಡಿ. ಸಾಧನವೊಂದನ್ನು ಪ್ರಯೋಗಿಸಿದರು. ದೊಡ್ಡ ಲೇಸರ್ ಯಂತ್ರವಾಗಲಿ, ಎಡೆಬಿಡದ ವಿದ್ಯುತ್ತಾಗಲಿ ಇಲ್ಲದ ಊರಿನಲ್ಲಿಯೂ ಚಿಕಿತ್ಸೆ ಸಾಧ್ಯವಾಗಬೇಕೆಂಬುದು ಅವರ ಗುರಿ. ಎಳೆಯ ಹಂತದಲ್ಲಿದ್ದ ಬಾಯಿಯ ಅರ್ಬುದದ ಮೂವತ್ತರಷ್ಟು ಗೆಡ್ಡೆಗಳಲ್ಲಿ 22 ಪೂರ್ತಿಯಾಗಿ ನೀಗಿದವೆಂದು ಅವರ ವರದಿ 2022ರಲ್ಲಿ ಪ್ರಕಟವಾಯಿತು. ಕರೆಂಟು ಹೋಗಿ ಬಂದು ಮಾಡುವ ಮಲೆನಾಡಿನ ಊರುಗಳಿಗೆ ಇದು ಆಶಾದಾಯಕ ಸುದ್ದಿ.

ಆಶೆಯ ಜೊತೆಗೆ ವಿವೇಕವೂ ಇರಬೇಕು. 2016ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಪರಾಮರ್ಶೆ ಸಂಸ್ಥೆಯು ಬಿಳಿ ಮಚ್ಚೆಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಮಚ್ಚೆಯನ್ನು ಹೋಗಲಾಡಿಸುವ ಉಪಾಯಗಳುಂಟು, ಆದರೆ ಮುಂದೆ ಅರ್ಬುದ ಬಾರದಂತೆ ತಡೆಯುತ್ತದೆಂದು ಸಿದ್ಧಪಟ್ಟ ಚಿಕಿತ್ಸೆ ಯಾವುದೂ ಇಲ್ಲ ಎಂಬ ನಿರ್ಣಯಕ್ಕೆ ಬಂದಿತು. ಮಚ್ಚೆ ಹೋಗುವುದು ಬೇರೆ, ಅಪಾಯ ಹೋಗುವುದು ಬೇರೆ. ಇವೆರಡರ ಅಂತರವನ್ನು ಓದುಗ ಬಂಧುಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅಂತರ ಏಕೆ ಉಂಟಾಗುತ್ತದೆಂಬುದನ್ನು ಅಮೆರಿಕದ ಸ್ಲಾಟರ್ ಎಂಬ ಶಸ್ತ್ರವೈದ್ಯ ಮತ್ತು ಸಂಗಡಿಗರು 1953ರಲ್ಲಿಯೇ ವಿವರಿಸಿದ್ದಾರೆ. ಹತ್ತಾರು ವರ್ಷ ಹೊಗೆಸೊಪ್ಪಿನ ರಸದಲ್ಲಿ ನೆನೆದ ಬಾಯಿಯಲ್ಲಿ ಕೆಟ್ಟಿರುವುದು ಮಚ್ಚೆಯಿರುವ ಬೊಟ್ಟಿನಷ್ಟು ಜಾಗ ಮಾತ್ರವಲ್ಲ. ನೋಡಲು ಆರೋಗ್ಯವಾಗಿರುವ ಸುತ್ತಲಿನ ಪೊರೆಯೂ ಒಳಗೊಳಗೆ ಬದಲಾಗಿರುತ್ತದೆ. ತೋಟಕ್ಕೆ ರೋಗ ತಗುಲಿದಾಗ ಒಂದು ಮರದ ಒಂದು ಗೊನೆಯನ್ನು ಕಡಿದು ಹಾಕಿ ತೋಟ ಉಳಿಯಿತೆಂದು ಯಾವ ಬೆಳೆಗಾರನೂ ನಿಶ್ಚಿಂತನಾಗುವುದಿಲ್ಲ. ಬಾಯಿಯ ವಿಚಾರದಲ್ಲಿಯೂ ಆ ಜಾಗರೂಕತೆ ಬೇಕು. ಬೆಳಕಿನಿಂದ ಮಚ್ಚೆ ಹೋದ ಮೇಲೆಯೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಭ್ಯಾಸವನ್ನು ಬಿಡಲೇಬೇಕು.

ಇನ್ನೊಂದು ಮಾತು. ಬಾಯಿ ಕ್ರಮೇಣ ಬಿಗಿದು, ಮೂರು ಬೆರಳು ತೂರದಂತಾಗುವ, ಖಾರ ಸೋಕಿದರೆ ಉರಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಈ ಬೆಳಕು ಪರಿಹಾರವಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ದ್ರವ್ಯ ಮತ್ತು ತಾಮ್ರದ ಅಂಶಗಳು ಕೆನ್ನೆಯ ನಾರನ್ನು ಹೆಚ್ಚಿಸಿ ಗಟ್ಟಿಗೊಳಿಸುವುದರಿಂದ ಅದು ಬರುತ್ತದೆ. ಭಾರತದಲ್ಲಿ 17 ವರ್ಷ ಕಾಲ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಾಯಿಲೆಯಿದ್ದವರ ಪೈಕಿ ಶೇಕಡಾ 7.6 ಮಂದಿಗೆ ಅರ್ಬುದ ಬಂದಿತ್ತು. ಅಂತೆಯೇ ದಂತವೈದ್ಯರು ಹಲ್ಲಿನ ಗುಂಡಿ ತುಂಬುವಾಗ ಬಳಸುವ ನೀಲಿ ದೀಪವಾಗಲಿ, ನೋವು ಶಮನಕ್ಕೆಂದು ಹಾಯಿಸುವ ಮಂದ ಲೇಸರ್ ಆಗಲಿ ಈ ಚಿಕಿತ್ಸೆಯಲ್ಲ. ಲೇಸರ್ ಎಂಬ ಹೆಸರನ್ನು ಕೇಳಿದೊಡನೆ ಹಣ ಕಟ್ಟದೆ, ಯಾವ ಔಷಧಿ, ಯಾವ ಬೆಳಕು, ಮೊದಲು ಬಯಾಪ್ಸಿ ಆಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಜಾಣತನ.

ತಾಂಬೂಲ, ತೋಟ ಮತ್ತು ಸತ್ಯ

ನಮ್ಮಲ್ಲಿ ವೀಳ್ಯವಿಲ್ಲದೆ ನಿಶ್ಚಿತಾರ್ಥವಿಲ್ಲ. ಎಲೆಯಡಿಕೆಯ ತಟ್ಟೆಯಿಲ್ಲದೆ ಅತಿಥಿಸತ್ಕಾರ ಪೂರ್ಣವಾಗದು. ಈ ಮಂಗಲದ್ರವ್ಯವನ್ನು ಅರ್ಬುದದೊಡನೆ ಜೋಡಿಸಿ ಮಾತನಾಡಿದರೆ ಬೆಳೆಗಾರರಿಗೆ ನೋವಾಗುವುದು ಸಹಜ. ಆದರೂ ತಿಳಿದ ಸಂಗತಿಯನ್ನು ಮರೆಮಾಡುವುದು ಹಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ಎಲೆಯಡಿಕೆಯನ್ನೂ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆ ಮತ್ತು ಅಡಿಕೆಯನ್ನೂ ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬೆಳೆಗಾರರ ಸಂಘಗಳು ಇದನ್ನು ಒಪ್ಪದೆ ಮರುಸಂಶೋಧನೆಗೆ ಒತ್ತಾಯಿಸುತ್ತ ಬಂದಿವೆ. ಆ ವಾದವಿವಾದ ವಿದ್ವಾಂಸರ ಸಭೆಯಲ್ಲಿ ನಡೆಯಲಿ. ಮನೆಯ ಯಜಮಾನನು ಮಾತ್ರ ಅದರ ತೀರ್ಪಿಗಾಗಿ ಕಾದು ಕೂರುವ ಅಗತ್ಯವಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಬೀಡಿಗಳ ಕೇಡಿನ ಬಗ್ಗೆ ಯಾವ ಪಕ್ಷಕ್ಕೂ ಸಂದೇಹವಿಲ್ಲ. ಅವುಗಳ ಜೊತೆಗೆ ಮದ್ಯ ಸೇರಿದರೆ ಅಪಾಯ ಬಹುಪಾಲು ಹೆಚ್ಚುತ್ತದೆ. ಮಂಗಲಕಾರ್ಯದಲ್ಲಿ ತಾಂಬೂಲವನ್ನು ಕೊಟ್ಟು ಪಡೆದು ಗೌರವಿಸುವುದಕ್ಕೂ, ದಿನಕ್ಕೆ ಹತ್ತು ಸಲ ಕವಳವನ್ನು ಕೆನ್ನೆಯಲ್ಲಿಟ್ಟು, ರಾತ್ರಿ ಅದರೊಡನೆಯೇ ನಿದ್ರಿಸುವುದಕ್ಕೂ ಅಜಗಜಾಂತರವಿದೆ.

2013ರ ಮೇ 31ರಂದು ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಅಡಿಕೆಪುಡಿಯನ್ನೂ ಹೊಗೆಸೊಪ್ಪನ್ನೂ ಎರಡು ಪೊಟ್ಟಣಗಳಲ್ಲಿ ಬೇರೆ ಬೇರೆಯಾಗಿ ಮಾರಲು ಆರಂಭಿಸಿದರು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡನು. ಕಾಯಿದೆ ಅಂಗಡಿಯ ಬಾಗಿಲವರೆಗೆ ಬರಬಲ್ಲದು, ಅಂಗೈಯವರೆಗೆ ಬರಲಾರದು. ಹದಿಹರೆಯದ ಮಕ್ಕಳ ಜೇಬಿನತ್ತ ಕಣ್ಣಿಡಬೇಕಾದವರು ತಾಯಿತಂದೆಯರೇ.

ನಮ್ಮ ಮನೆಗಳಲ್ಲಿ ಮಾಡಬೇಕಾದುದು

ಬೆಳಕಿನ ಚಿಕಿತ್ಸೆಯು ಇಂದಿಗೂ ದೊಡ್ಡ ಆಸ್ಪತ್ರೆಗಳ, ಸಂಶೋಧನಾಲಯಗಳ ಮಟ್ಟದಲ್ಲಿಯೇ ಇದೆ. ಅದು ನಮ್ಮ ಊರಿಗೆ ಬರಲಿ ಎಂದು ಮಚ್ಚೆಯನ್ನು ಇಟ್ಟುಕೊಂಡು ಕಾಯುವುದು ಅವಿವೇಕ. ಬಯಾಪ್ಸಿಯಲ್ಲಿ ಕೆಡುಕಿನ ಸೂಚನೆ ಕಂಡರೆ ಶಸ್ತ್ರದಿಂದಲೋ ಲೇಸರಿನಿಂದಲೋ ತೆಗೆಸಿಕೊಳ್ಳುವುದೇ ಇಂದಿನ ರೂಢಿಯ ಕ್ರಮ. ಚಿಕ್ಕ ಮಚ್ಚೆಗೆ ಅದು ಅರ್ಧ ದಿನದ ಕೆಲಸ.

ಬೇಗ ನೋಡಿದರೆ ಜೀವ ಉಳಿಯುತ್ತದೆಂಬುದಕ್ಕೆ ನೆರೆಯ ಕೇರಳದಲ್ಲಿ ದೃಢವಾದ ಪ್ರಮಾಣವಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯನ್ನು ಪರೀಕ್ಷಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಸಾವು ಶೇಕಡಾ 34ರಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾಯಿತು. ಅವರ ಬಳಿ ಇದ್ದ ಮುಖ್ಯ ಸಾಧನ ಕಣ್ಣು ಮತ್ತು ಬೆಳಕು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಕೆ.ಎಲ್.ಇ. ದಂತವೈದ್ಯಕೀಯ ಸಂಸ್ಥೆಯ ಡಾ. ಪ್ರವೀಣ್ ಬೀರೂರು ಮತ್ತು ಸಂಗಡಿಗರು, ಆರೋಗ್ಯ ಕಾರ್ಯಕರ್ತೆಯರು ಮೊಬೈಲ್ ಫೋನಿನಲ್ಲಿ ಬಾಯಿಯ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ವಿಧಾನವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆಲವು ಶಿಕ್ಷಕರು ವಿದ್ಯಾದಾನಕ್ಕೆಂದು ನೆಟ್ಟ ಸಸಿಯ ಕೊಂಬೆಯೊಂದು ಹೀಗೆ ಹಳ್ಳಿಯ ಬಾಯಿಗಳವರೆಗೆ ಚಾಚಿದ್ದು ನಮ್ಮ ಸಮಾಜಕ್ಕೆ ಸಂತೋಷದ ವಿಷಯ.

ಕೇಂದ್ರ ಸರ್ಕಾರವು 2016ರಲ್ಲಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ 30 ವರ್ಷ ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ ನಡೆಯಬೇಕು. ಆಶಾ ಕಾರ್ಯಕರ್ತೆ ಅಥವಾ ಶುಶ್ರೂಷಕಿ ಕರೆದಾಗ, ತಮಗೇನೂ ಆಗಿಲ್ಲವೆಂದು ಹೇಳಿ ಕಳುಹಿಸಬಾರದು. ಮಚ್ಚೆ ಕಂಡ ಭದ್ರಾವತಿಯವರು ತಾಲ್ಲೂಕು ಆಸ್ಪತ್ರೆಯ ದಂತವಿಭಾಗದಲ್ಲಿ ತೋರಿಸಬಹುದು. ಶಿವಮೊಗ್ಗೆಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿದೆ, ಶರಾವತಿ ದಂತವೈದ್ಯಕೀಯ ಕಾಲೇಜಿದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಆಗುಂಬೆಯ ಘಾಟಿ ಇಳಿದರೆ ಮಣಿಪಾಲವಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಹಣವಿಲ್ಲವೆಂಬ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡುವವರು ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಬೇಕು.

ಮನೆಯಲ್ಲಿ ತಿಂಗಳಿಗೊಮ್ಮೆ ಬಾಯನ್ನು ನೋಡಿಕೊಳ್ಳುವ ರೂಢಿಯನ್ನು ತಾಯಂದಿರು ಆರಂಭಿಸಲಿ. ದಿನ ನೆನಪಿನಲ್ಲಿ ಉಳಿಯಲೆಂದು ಅಮಾವಾಸ್ಯೆಯನ್ನು ಇಟ್ಟುಕೊಳ್ಳಬಹುದು. ಹಗಲಿನ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಕಟ್ಟುಹಲ್ಲು ಇದ್ದರೆ ತೆಗೆದಿಟ್ಟು, ಬಾಯಿ ಮುಕ್ಕಳಿಸಿ, ಮೊದಲು ತುಟಿಗಳ ಒಳಬದಿಯನ್ನು, ಬಳಿಕ ಎರಡು ಕೆನ್ನೆಗಳನ್ನು ಬೆರಳಿನಿಂದ ಹೊರಕ್ಕೆಳೆದು ನೋಡಬೇಕು. ನಾಲಿಗೆಯನ್ನು ಚಾಚಿ ಎಡ ಬಲ ಅಂಚುಗಳನ್ನು, ಮೇಲಕ್ಕೆತ್ತಿ ಅದರ ತಳವನ್ನು, ಕೊನೆಗೆ ಅಂಗಳವನ್ನು ಪರಿಶೀಲಿಸಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಗಂಟು, ಬಾಯಿ ತೆರೆಯುವುದು ಕಿರಿದಾಗುವುದು, ಎರಡು ವಾರ ಕಳೆದರೂ ಮಾಯದ ಹುಣ್ಣು ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೊರಡಬೇಕು. ಮುಪ್ಪಿನಿಂದ ಕಣ್ಣು ಮಂಜಾದ ಅಜ್ಜ ಅಜ್ಜಿಯರ ಬಾಯನ್ನು ಮೊಮ್ಮಕ್ಕಳು ಟಾರ್ಚು ಹಿಡಿದು ನೋಡಲಿ. ಅಭ್ಯಾಸ ಬಿಡಲು ಹೊರಟವರನ್ನು ಹಂಗಿಸದೆ, ಊಟದ ನಂತರ ಸೋಂಪು, ಏಲಕ್ಕಿ, ಲವಂಗಗಳನ್ನು ಕೈಗಿತ್ತು ಸಹಕರಿಸಲಿ. ಮೊದಲ ಎರಡು ಮೂರು ವಾರಗಳ ಚಡಪಡಿಕೆ ದಾಟಿದರೆ ದಾರಿ ಸುಗಮವಾಗುತ್ತದೆ. ಅಭ್ಯಾಸ ಬಿಟ್ಟ ಕೆಲವರಲ್ಲಿ ತೆಳುವಾದ ಮಚ್ಚೆಗಳು ಯಾವ ಔಷಧಿಯೂ ಇಲ್ಲದೆ ತಾವಾಗಿಯೇ ಕರಗುವುದನ್ನು ವೈದ್ಯರು ಕಂಡಿದ್ದಾರೆ. ಮುಂದಿನ ಅಮಾವಾಸ್ಯೆಯಂದೇ ಪ್ರತಿ ಮನೆಯಲ್ಲಿಯೂ ಈ ಪರೀಕ್ಷೆ ಮೊದಲಾಗಲಿ.